ಕೋಡಿಬಾಗದ ಟ್ರಂಕಿನಲ್ಲಿದ್ದ ನೀಲಿ ತ್ರಿಕೋನ: ಒಂದು ಹಳೆಯ ರಾಕ್ ರೆಕಾರ್ಡನ್ನು ಮಾರಾಟಕ್ಕೆ ಸಿದ್ಧ ಮಾಡಿದ್ದು

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಬೂಷ್ಟಿನ ವಾಸನೆ ಮುಖಕ್ಕೆ ಬಂತು. ಕಾರವಾರದಲ್ಲಿ ಮಳೆಗಾಲ ಮುಗಿದ ಮೇಲೆ ಯಾವ ಕಪಾಟು ತೆಗೆದರೂ ಈ ವಾಸನೆ ಇದ್ದದ್ದೇ. ಆದರೆ ಇದರಲ್ಲಿ ಇದ್ದದ್ದು ಬಟ್ಟೆಬರೆ ಅಲ್ಲ. ಮಾಮನ 46 ರೆಕಾರ್ಡುಗಳು.

ಮಾಮ ಹಡಗಿನಲ್ಲಿ ಕೆಲಸಕ್ಕಿದ್ದರು. ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ, ಉಳಿದ ದಿನ ಕೋಡಿಬಾಗದ ಮನೆಯ ಜಗುಲಿಯ ಮೇಲೆ. ಯಾವ ಬಂದರಿನಲ್ಲಿ ಹಡಗು ನಿಂತರೂ ಅಲ್ಲಿಂದ ಒಂದೆರಡು ರೆಕಾರ್ಡು ತರುತ್ತಿದ್ದರು. 1973ರಲ್ಲಿ ಲಂಡನ್ನಿನಿಂದ ತಂದದ್ದು ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್'. ಅದು ಬಿಡುಗಡೆಯಾದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಕಪ್ಪು ಕವರಿನ ಮೇಲೆ ಗಾಜಿನ ತ್ರಿಕೋನ, ಒಂದು ಕಡೆಯಿಂದ ಬಿಳಿ ಬೆಳಕು, ಇನ್ನೊಂದು ಕಡೆ ಬಣ್ಣದ ಪಟ್ಟಿ. ಆ ಚಿತ್ರ ನೋಡದವರು ಕಡಿಮೆ.

ಮಾಮ ತೀರಿಕೊಂಡ ಮೇಲೆ ಟ್ರಂಕು ನನ್ನ ಕೈಗೆ ಬಂತು. ನಮ್ಮ ಊರಿನ ಹವೆಯಲ್ಲಿ 46 ರೆಕಾರ್ಡು ಉಳಿಯಬೇಕಾದರೆ ತೇವ ನುಗ್ಗದ ಕಪಾಟು ಬೇಕು, ಒಳಗೆ ತೇವ ಎಳೆಯುವ ಯಂತ್ರ ಬೇಕು. ಅದಕ್ಕೆ ದುಡ್ಡು ಬೇಕು. ಒಂದನ್ನು ಮಾರಿ 45 ಉಳಿಸೋಣ ಅಂತ ಮಾಮಿಯ ಹತ್ತಿರ ಹೇಳಿದೆ. ಮಾಮಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವರು ಇದ್ದಿದ್ದರೆ ಕೊಡುತ್ತಿರಲಿಲ್ಲ. ಆದರೆ ಉಳಿದದ್ದು ಹಾಳಾಗುವುದನ್ನೂ ನೋಡುತ್ತಿರಲಿಲ್ಲ" ಅಂದರು. ಅಲ್ಲಿಂದ ಕೆಲಸ ಶುರು.

ಮೊದಲು ಗುರುತು ಹಿಡಿಯುವುದು

ಈ ರೆಕಾರ್ಡು ಲಕ್ಷಗಟ್ಟಲೆ ಪ್ರತಿ ಅಚ್ಚಾಗಿದೆ. ಇವತ್ತಿಗೂ ಹೊಸದು ಸಿಗುತ್ತದೆ. ಹಾಗಾಗಿ 'ಹಳೆಯದು' ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಮೊದಲ ಅಚ್ಚು ಹೌದೋ ಅಲ್ಲವೋ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ನಡುವಿನ ಲೇಬಲ್ ನೋಡಿದೆ. ಹಾರ್ವೆಸ್ಟ್ ಕಂಪನಿಯದ್ದು, ಸಂಖ್ಯೆ ಎಸ್‌ಎಚ್‌ವಿಎಲ್ 804. ಕಪ್ಪು ಲೇಬಲಿನ ಮೇಲಿನ ತ್ರಿಕೋನ ಪೂರ್ತಿ ತಿಳಿನೀಲಿ ಬಣ್ಣ ತುಂಬಿಕೊಂಡಿತ್ತು. ಇದೇ ಮುಖ್ಯ ಗುರುತು. ಬ್ರಿಟನ್ನಿನ ಮೊದಲ ಅಚ್ಚುಗಳಲ್ಲಿ ಮಾತ್ರ ತ್ರಿಕೋನ ಹೀಗೆ ತುಂಬಿರುತ್ತದೆ. ಆಮೇಲಿನವುಗಳಲ್ಲಿ ಬರೀ ನೀಲಿ ಗೆರೆ, ಒಳಗೆ ಖಾಲಿ. ಸಂಗ್ರಹ ಮಾಡುವವರು ಇದನ್ನು 'ಸಾಲಿಡ್ ಬ್ಲೂ ಟ್ರಯಾಂಗಲ್' ಅಂತಲೇ ಕರೆಯುತ್ತಾರೆ.

ಲೇಬಲ್ ಒಂದೇ ಸಾಲದು. ಕೊನೆಯ ಹಾಡಿಗೂ ಲೇಬಲಿಗೂ ನಡುವೆ ಒಂದು ನುಣ್ಣನೆಯ ಪಟ್ಟಿ ಇರುತ್ತದಲ್ಲ, ಅಲ್ಲಿ ಕಾರ್ಖಾನೆಯವರು ಒತ್ತಿದ ಅಕ್ಷರ, ಅಂಕಿ ಇರುತ್ತವೆ. ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚನ್ನು ರೆಕಾರ್ಡಿನ ಮಟ್ಟಕ್ಕೇ ಮಲಗಿಸಿ ಬೆಳಕು ಬಿಟ್ಟೆ. ಗಡಿಯಾರದ 6ರ ಜಾಗದಲ್ಲಿ 'ಎಸ್‌ಎಚ್‌ವಿಎಲ್ 804 ಎ-2' ಎದ್ದು ಬಂತು. ತಿರುಗಿಸಿದೆ. 'ಬಿ-2'. ಮೊದಲ ಅಚ್ಚಿನಲ್ಲಿ ಇರಬೇಕಾದದ್ದು ಇವೇ.

9ರ ಜಾಗದಲ್ಲಿ 2 ಅಂತ ಇತ್ತು. 3ರ ಜಾಗದಲ್ಲಿ ಎ, ಎಚ್ ಅನ್ನುವ ಎರಡು ಅಕ್ಷರ. ಇದರ ಹಿಂದೆ ಒಂದು ಚೆಂದದ ಲೆಕ್ಕ ಇದೆ. ಹಾರ್ವೆಸ್ಟ್‌ನ ಒಡೆಯರಾದ ಇಎಂಐ ಕಂಪನಿಯವರು ಲಂಡನ್ ಹೊರವಲಯದ ಹೇಯ್ಸ್ ಕಾರ್ಖಾನೆಯಲ್ಲಿ ಒತ್ತು ಅಚ್ಚಿನ ಸಂಖ್ಯೆಯನ್ನು ಅಂಕಿಯಲ್ಲಿ ಬರೆಯುತ್ತಿರಲಿಲ್ಲ. 'ಗ್ರಾಮಫೋನ್ ಲಿಮಿಟೆಡ್' ಅನ್ನುವುದನ್ನು ಮೊಟಕು ಮಾಡಿ ಹತ್ತು ಇಂಗ್ಲಿಷ್ ಅಕ್ಷರ ಇಟ್ಟುಕೊಂಡಿದ್ದರು: ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ. ಜಿ ಅಂದರೆ 1, ಆರ್ ಅಂದರೆ 2, ಹೀಗೆ ಟಿ ಅಂದರೆ 9, ಡಿ ಅಂದರೆ 0. ಹಾಗಾದರೆ ಎ, ಎಚ್ ಅಂದರೆ 37. ಎಡಗಡೆಯ 2 ಅಂದರೆ ಎರಡನೆಯ ತಾಯಿ ಅಚ್ಚು. ಅವರು ಅದನ್ನು 'ಮದರ್' ಅಂತಲೇ ಕರೆಯುತ್ತಾರೆ. ಅದರಿಂದ ತೆಗೆದ ಒತ್ತು ಅಚ್ಚಿನ ಗುರುತು 37. ಕೊಳ್ಳುವವರು ಇದನ್ನೂ ಕೇಳುತ್ತಾರೆ. ಸಂಖ್ಯೆ ಚಿಕ್ಕದಿದ್ದಷ್ಟೂ ಒಲವು ಜಾಸ್ತಿ.

ಕವರಿನ ಒಳಗೆ ಎರಡು ಪೋಸ್ಟರ್, ಎರಡು ಸ್ಟಿಕ್ಕರ್ ಇರಬೇಕು. ಪೋಸ್ಟರ್ ಎರಡೂ ಇದ್ದವು. ಒಂದರಲ್ಲಿ ವಾದ್ಯದವರ ಫೋಟೋಗಳು, ಇನ್ನೊಂದರಲ್ಲಿ ಈಜಿಪ್ಟಿನ ಪಿರಮಿಡ್ಡು. ಸ್ಟಿಕ್ಕರ್ ಒಂದೇ ಸಿಕ್ಕಿತು. ಇನ್ನೊಂದಕ್ಕಾಗಿ ಮನೆಯೆಲ್ಲಾ ಹುಡುಕಿದೆ. ಕೊನೆಗೆ ಟ್ರಂಕನ್ನು ಒರೆಸುವಾಗ ಸಿಕ್ಕಿತು. ಮುಚ್ಚಳದ ಒಳಮೈಗೆ, ಸರಿಯಾಗಿ ನಡುವೆ, ಮಾಮ ಅಂಟಿಸಿಬಿಟ್ಟಿದ್ದರು. ಅಂಚೆಲ್ಲಾ ಕಂದಿತ್ತು. ಉಗುರಿನಿಂದ ಒಂದು ಮೂಲೆ ಮುಟ್ಟಿ ನೋಡಿದೆ, ಕೈ ತೆಗೆದೆ.

ಬಿಸಿಲು, ಬಾವಿ ನೀರು, ಬೂಷ್ಟು

ಮರುದಿನ ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಮಾಮಿ ಹತ್ತು ರೆಕಾರ್ಡನ್ನು ಅಂಗಳದ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು. ತಪ್ಪೇನಲ್ಲ, ಮಳೆಗಾಲ ಮುಗಿದ ಮೇಲೆ ಹಾಸಿಗೆ, ಮೆಣಸು, ಪುಸ್ತಕ ಎಲ್ಲವನ್ನೂ ಬಿಸಿಲಿಗೆ ಹಾಕುವುದು ನಮ್ಮ ಕಡೆಯ ರೂಢಿ. ಆದರೆ ರೆಕಾರ್ಡು ಅಂದರೆ ಪಿವಿಸಿ ಪ್ಲಾಸ್ಟಿಕ್ಕು. ಕಪ್ಪು ಬಣ್ಣ ಬೇರೆ, ಬಿಸಿಲನ್ನು ಕುಡಿಯುತ್ತದೆ. ಅಕ್ಟೋಬರ್ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಹಪ್ಪಳದ ಹಾಗೆ ಅಂಚು ಏಳುತ್ತದೆ. ಪುಣ್ಯಕ್ಕೆ ತೆಂಗಿನ ಮರದ ನೆರಳು ಆ ಕಡೆ ಇತ್ತು. ಎಲ್ಲವನ್ನೂ ಒಳಗೆ ತಂದು ನೆಟ್ಟಗೆ ನಿಲ್ಲಿಸಿದೆ. ಕವರುಗಳನ್ನು ಮಾತ್ರ ಜಗುಲಿಯ ನೆರಳಿನಲ್ಲಿ ಗಾಳಿಗೆ ಇಟ್ಟೆ.

ಬೂಷ್ಟು ಬಿಳಿ ಚುಕ್ಕಿಯಾಗಿ, ಕೆಲವು ಕಡೆ ಜೇಡರ ಬಲೆಯಷ್ಟು ತೆಳುವಾಗಿ ಹಬ್ಬಿತ್ತು. ಅದಕ್ಕೆ ಬೇಕಾದ ಆಹಾರ ಬೆರಳಿನ ಎಣ್ಣೆ, ಧೂಳು, ಕಾಗದದ ಪುಡಿ. ಮೊದಲು ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ಒಣಗಿದ್ದನ್ನು ತೆಗೆದೆ. ಒಳಗೆ ಮಾಡಿದರೆ ಅದರ ಬೀಜ ಬೇರೆ ರೆಕಾರ್ಡಿಗೂ ಹೋಗುತ್ತದೆ.

ತೊಳೆಯುವ ನೀರಿಗೆ ಬಾವಿ ನೀರು ಆಗುವುದಿಲ್ಲ. ನಮ್ಮ ಬಾವಿ ಕಾಳಿ ನದಿಯ ಅಳಿವೆಗೆ ಹತ್ತಿರ, ಬೇಸಿಗೆಯಲ್ಲಿ ಉಪ್ಪಾಗುತ್ತದೆ. ನಲ್ಲಿ ನೀರಿನಲ್ಲೂ ಸುಣ್ಣ ಇದ್ದೇ ಇರುತ್ತದೆ. ನೀರು ಆರಿದ ಮೇಲೆ ಅದು ಸೂಜಿ ಓಡುವ ಗೆರೆಯ ಒಳಗೆ ಕೂತು ಚಟಚಟ ಅನ್ನುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 5 ಲೀಟರ್ ತಂದೆ. ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಕ್ಯಾನ್ ಕೂಡ ಇರುತ್ತದೆ, ಚೀಟಿ ಓದಿಯೇ ತನ್ನಿ. 800 ಮಿಲಿ ನೀರಿಗೆ 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಅದಕ್ಕೆ ವಾಸನೆ ಇಲ್ಲದ ಪಾತ್ರೆ ಸೋಪಿನ ಎರಡು ಹನಿ. ಕೈಗೆ ಹಚ್ಚುವ ಸ್ಯಾನಿಟೈಜರ್ ಬೇಡವೇ ಬೇಡ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ 78ರ ವೇಗದ ಅರಗಿನ ಪ್ಲೇಟುಗಳಿದ್ದರೆ ಈ ನೀರನ್ನು ಅದಕ್ಕೆ ಮುಟ್ಟಿಸಬೇಡಿ. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ.

ಲೇಬಲಿಗೆ ಒಂದು ಮುಚ್ಚಳ

ನೀಲಿ ತ್ರಿಕೋನ ಇರುವುದು ಕಾಗದದ ಲೇಬಲ್ ಮೇಲೆ. ಅದಕ್ಕೆ ಒಂದು ಹನಿ ನೀರು ಬಿದ್ದರೂ ಕಥೆ ಮುಗಿಯಿತು. ಹಾಗಾಗಿ ಲೇಬಲ್ ಮುಚ್ಚುವ ಒಂದು ಹಿಡಿಕೆ ಮಾಡಿಕೊಂಡೆ. ಈ ಕೆಲಸಕ್ಕೆ ಎರಡು ದಿನ ಹಿಡಿಯಿತು.

ಲೇಬಲಿನ ಅಡ್ಡಳತೆ ಸುಮಾರು 10 ಸೆಂಟಿಮೀಟರ್. ಅಡುಗೆಮನೆಯಲ್ಲಿ 11 ಸೆಂಟಿಮೀಟರಿನ ಎರಡು ಸ್ಟೀಲ್ ಡಬ್ಬಿ ಮುಚ್ಚಳ ಸಿಕ್ಕವು. ಎರಡರ ನಡುವೆ ತೂತು ಕೊರೆದೆ. ರೆಕಾರ್ಡಿನ ತೂತು 7 ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು, ನನ್ನ ಬೋಲ್ಟು 6 ಮಿಲಿಮೀಟರಿನದು. ಬೋಲ್ಟಿನ ನಡುಭಾಗಕ್ಕೆ ವೈರಿನ ಟೇಪ್ ಸುತ್ತಿ ಬಿಗಿಯಾಗಿ ಕೂರುವ ಹಾಗೆ ಮಾಡಿದೆ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ಪಟ್ಟಿ ಮಾಡಿ, ಮುಚ್ಚಳದ ಅಂಚಿಗೆ ಸುತ್ತಲೂ ಅಂಟಿಸಿದೆ. ರಬ್ಬರ್ ಕೂರುವುದು ಹಾಡಿಲ್ಲದ ನುಣ್ಣನೆಯ ಪಟ್ಟಿಯ ಮೇಲೆ, ಗೆರೆಗಳ ಮೇಲಲ್ಲ. ರೆಕಾರ್ಡಿನ ಎರಡೂ ಕಡೆ ಮುಚ್ಚಳ, ನಡುವೆ ಬೋಲ್ಟು, ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು.

ಪರೀಕ್ಷೆಗೆ ಟ್ರಂಕಿನಲ್ಲೇ ಇದ್ದ, ಬಿರುಕು ಬಿಟ್ಟ ಒಂದು ಪ್ಲೇಟನ್ನು ತೆಗೆದುಕೊಂಡೆ. ಮುಚ್ಚಳದ ಒಳಗೆ ಒತ್ತು ಕಾಗದದ ತುಂಡಿಟ್ಟು ನೀರಿನಲ್ಲಿ ಅದ್ದಿದೆ. ಹತ್ತು ನಿಮಿಷ ಬಿಟ್ಟು ಬಿಚ್ಚಿದರೆ ಕಾಗದದ ಒಂದು ಅಂಚು ಒದ್ದೆ. ಮುಚ್ಚಳದ ಅಂಚು ಒಂದು ಕಡೆ ಕೂದಲೆಳೆಯಷ್ಟು ತಗ್ಗಿತ್ತು. ರಬ್ಬರ್ ಕಿತ್ತು, ಗಾಜಿನ ಮೇಲೆ 220 ನಂಬರಿನ ಮರಳು ಕಾಗದ ಹಾಸಿ, ಮುಚ್ಚಳವನ್ನು ಬೋರಲು ಹಾಕಿ ಉಜ್ಜಿದೆ. ಸುತ್ತಲೂ ಒಂದೇ ಸಮ ಹೊಳೆಯುವ ತನಕ ಉಜ್ಜಬೇಕು. ಮತ್ತೆ ರಬ್ಬರ್ ಅಂಟಿಸಿ ಪರೀಕ್ಷೆ ಮಾಡಿದೆ. ಕಾಗದ ಗರಿಗರಿಯಾಗಿ ಒಣಗಿಯೇ ಇತ್ತು. ಮೂರನೆಯ ಸಲವೂ ನೋಡಿದ ಮೇಲೆಯೇ ಮಾಮನ ರೆಕಾರ್ಡಿಗೆ ಹಾಕಿದ್ದು.

ಅದೇ ಬಿರುಕಿನ ಪ್ಲೇಟಿನ ಮೇಲೆ ಮರದ ಅಂಟಿನ ಉಪಾಯವನ್ನೂ ಮಾಡಿ ನೋಡಿದೆ. ಬಿಳಿ ಅಂಟನ್ನು ರೆಕಾರ್ಡಿನ ಮೇಲೆ ದಪ್ಪಗೆ ಹರಡಿ, ಒಣಗಿದ ಮೇಲೆ ಹಾಳೆಯ ಹಾಗೆ ಸುಲಿಯುವುದು. ಗೆರೆಯ ಒಳಗಿನ ಕೊಳೆ ಅಂಟಿನ ಜೊತೆ ಬರುತ್ತದೆ. ಮುಕ್ಕಾಲು ಭಾಗ ಚೆನ್ನಾಗಿ ಬಂತು. ಆದರೆ ಅಂಚಿನಲ್ಲಿ ಅಂಟು ತೆಳುವಾಗಿದ್ದ ಕಡೆ ಹರಿದು, ಚೂರುಗಳು ಗೆರೆಯಲ್ಲೇ ಉಳಿದವು. ಆ ಅಪಾಯವನ್ನು ನೀಲಿ ತ್ರಿಕೋನಕ್ಕೆ ತರಲು ನನಗೆ ಮನಸ್ಸಾಗಲಿಲ್ಲ.

ತೊಳೆಯುವ ಕೆಲಸ ಅರ್ಧ ಗಂಟೆಯದು. ಮೆತ್ತನೆಯ ಬ್ರಷ್, ಗೆರೆ ಹೋದ ದಿಕ್ಕಿಗೇ ಕೈ. ಅಡ್ಡ ಉಜ್ಜಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಜಾಲಿಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ, ತಟ್ಟೆ ಇಡುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಫ್ಯಾನ್ ಹಾಕಲಿಲ್ಲ, ಧೂಳು ಬಂದು ಕೂರುತ್ತದೆ.

ಟಿಕ್, ಟಿಕ್

ಸಂಜೆ ಸೂಜಿ ಇಟ್ಟೆ. ಭಾರ 2 ಗ್ರಾಂ. ಈ ರೆಕಾರ್ಡು ಎದೆಬಡಿತದಿಂದ ಶುರುವಾಗುತ್ತದೆ. ಬಹಳ ಮೆಲ್ಲಗೆ, ದೂರದಿಂದ ಬಂದ ಹಾಗೆ. ಅಂಥ ಕಡೆಯೇ ಎಲ್ಲಾ ದೋಷ ಕೇಳುವುದು. ಎದೆಬಡಿತದ ನಡುವೆ ಒಂದು ಟಿಕ್. ಮತ್ತೆ ಟಿಕ್.

ಗಡಿಯಾರ ಹಿಡಿದು ಎಣಿಸಿದೆ. ಹತ್ತು ಟಿಕ್‌ಗೆ 18 ಸೆಕೆಂಡು. ಎಲ್‌ಪಿ ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಸುತ್ತಿಗೆ ಒಂದು ಟಿಕ್ ಬಂದರೆ ಅದು ಗೆರೆಗಳನ್ನು ಅಡ್ಡ ಕತ್ತರಿಸಿದ ಗೀರು. ಧೂಳಾಗಿದ್ದರೆ ಹೀಗೆ ತಾಳ ಹಿಡಿಯುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದೆ. ಅಂಚಿನಿಂದ ಒಳಗೆ ಒಂದು ಉಗುರಿನಷ್ಟು ಉದ್ದದ ಗೀರು, ಬೆರಳಿಗೆ ಹತ್ತುತ್ತದೆ. ಬೆರಳಿಗೆ ಹತ್ತಿದ ಗೀರನ್ನು ಯಾವ ನೀರೂ ತೊಳೆಯುವುದಿಲ್ಲ. 14 ಸುತ್ತು ಆದ ಮೇಲೆ ಟಿಕ್ ನಿಂತಿತು.

ಎರಡನೇ ಬದಿಯಲ್ಲಿ ಇನ್ನೊಂದು ಶಬ್ದ, ಆದರೆ ಒಂದೇ ಜಾಗದಲ್ಲಿ. ಭೂತಗನ್ನಡಿಯಲ್ಲಿ ಉಪ್ಪಿನ ಹರಳಿನಷ್ಟು ಸಣ್ಣ ಬಿಳಿ ಕಾಳು ಗೆರೆಯಲ್ಲಿ ಸಿಕ್ಕಿಕೊಂಡಿತ್ತು. ಒಣಗಿದ ಬೂಷ್ಟು. ಸೂಜಿಯಿಂದ ಕೀಳಲು ಹೋಗಲಿಲ್ಲ. ಆ ಜಾಗಕ್ಕೆ ಎರಡು ಹನಿ ನೀರು ಬಿಟ್ಟು, ಹತ್ತು ನಿಮಿಷ ನೆನೆಸಿ, ಮತ್ತೆ ಬ್ರಷ್ ಆಡಿಸಿದೆ. ಕಾಳು ಹೋಯಿತು, ಶಬ್ದವೂ ಹೋಯಿತು. ಆ ರಾತ್ರಿ ಎರಡೂ ಬದಿ ಪೂರ್ತಿ ಕೇಳಿದೆವು. ಮಾಮಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು.

ಕವರು: ಮುಟ್ಟದೇ ಬಿಟ್ಟದ್ದು

ಕಪ್ಪು ಕವರಿನ ಮೇಲೆ ರೆಕಾರ್ಡಿನ ದುಂಡು ಬಿಳಿಯಾಗಿ ಮೂಡಿತ್ತು. ವರ್ಷಗಟ್ಟಲೆ ಒತ್ತಿಟ್ಟರೆ ಹಾಗಾಗುತ್ತದೆ. ಮನೆಗೆ ಬಂದ ಒಬ್ಬರು "ಕಪ್ಪು ಸ್ಕೆಚ್ ಪೆನ್ನಿನಲ್ಲಿ ತುಂಬಿಬಿಡು, ಯಾರಿಗೂ ಗೊತ್ತಾಗಲ್ಲ" ಅಂದರು. ಗೊತ್ತಾಗುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಪೆನ್ನಿನ ಹೊಳಪೇ ಬೇರೆ. ಸವೆದ ಕವರಿಗೆ ಬೆಲೆ ಸ್ವಲ್ಪ ಇಳಿಯುತ್ತದೆ, ಬಣ್ಣ ಬಳಿದ ಕವರನ್ನು ಕೊಳ್ಳುವವರು ನಂಬುವುದಿಲ್ಲ.

ಕೆಳಗಿನ ಅಂಚು 4 ಸೆಂಟಿಮೀಟರಿನಷ್ಟು ಅಂಟು ಬಿಟ್ಟಿತ್ತು. ಬೆನ್ನಿನ ಮೇಲೆ ಹಳದಿಯಾದ ಸೆಲ್ಲೊಟೇಪ್. ಟೇಪ್ ತೆಗೆಯೋಣ ಅಂತ ಇನ್ನೊಂದು ಹಳೆಯ ಕವರಿನ ಮೇಲೆ ಹೇರ್ ಡ್ರೈಯರ್ ಹಿಡಿದು ಪ್ರಯತ್ನ ಮಾಡಿದೆ. ಟೇಪ್ ಜೊತೆ ಅಚ್ಚಿನ ಪದರವೂ ಎದ್ದು ಬಂತು. ಹಾಗಾಗಿ ಬಿಟ್ಟೆ. ಬಿಟ್ಟ ಅಂಚಿಗೂ ಮೈದಾ ಅಂಟು ಹಾಕಲಿಲ್ಲ. ಬೇಕಾದರೆ ಕೊಂಡವರು ಹಾಕಿಕೊಳ್ಳಲಿ, ನಾನು ಹಾಕಿದ್ದನ್ನು ಅವರು ತೆಗೆಯಲು ಆಗುವುದಿಲ್ಲ. ಒದ್ದೆ ಬಟ್ಟೆ ಕೂಡ ತಾಗಿಸಲಿಲ್ಲ. ಒಣ ಬ್ರಷ್ ಮಾತ್ರ.

ಪೋಸ್ಟರುಗಳು ತೇವಕ್ಕೆ ಅಲೆಯಾಗಿ ಎದ್ದಿದ್ದವು. ಒತ್ತು ಕಾಗದದ ನಡುವೆ ಇಟ್ಟು, ಮೇಲೆ ಹಲಗೆ, ಅದರ ಮೇಲೆ ನಾಲ್ಕು ಇಟ್ಟಿಗೆ. ಎರಡು ದಿನಕ್ಕೊಮ್ಮೆ ಕಾಗದ ಬದಲಿಸಿದೆ. ಹತ್ತು ದಿನಕ್ಕೆ ಸಮವಾದವು. ಮೊದಲಿನ ಮಡಿಕೆ ಗೆರೆ ಹಾಗೇ ಉಳಿಸಿದೆ, ಅದು ಕಾರ್ಖಾನೆಯದ್ದು.

ಮಾತು, ಬೆಲೆ, ಡಬ್ಬಿ

ರೆಕಾರ್ಡಿನ ಸ್ಥಿತಿ ಹೇಳಲು ಗೋಲ್ಡ್‌ಮೈನ್ ಅನ್ನುವ ಅಮೆರಿಕದ ಪತ್ರಿಕೆಯ ಕ್ರಮ ಎಲ್ಲಾ ಕಡೆ ನಡೆಯುತ್ತದೆ. ಮಿಂಟ್, ನಿಯರ್ ಮಿಂಟ್, ವಿಜಿ (ಅಂದರೆ ವೆರಿ ಗುಡ್) ಪ್ಲಸ್, ವಿಜಿ, ಗುಡ್ ಹೀಗೆ ಕೆಳಗೆ ಇಳಿಯುತ್ತದೆ. 'ಗುಡ್' ಅಂದರೆ ಚೆನ್ನಾಗಿದೆ ಅಂತ ಅಲ್ಲ, ಸಾಕಷ್ಟು ಸವೆದಿದೆ ಅಂತ. ನೋಡಿ ಮಾತ್ರ ದರ್ಜೆ ಕೊಡಬಾರದು, ಕೇಳಿಯೇ ಕೊಡಬೇಕು. ನಾನು ಮೊದಲ ಬದಿಗೆ ವಿಜಿ, ಎರಡನೆಯದಕ್ಕೆ ವಿಜಿ ಪ್ಲಸ್, ಕವರಿಗೆ ವಿಜಿ ಅಂತ ಬರೆದೆ. 14 ಟಿಕ್, ಟೇಪ್, 4 ಸೆಂಟಿಮೀಟರ್, ಇಲ್ಲದ ಸ್ಟಿಕ್ಕರ್, ಒಂದನ್ನೂ ಬಿಡದೆ ಬರೆದೆ. ಗೀರಿನ ಫೋಟೋವನ್ನು ಮೊದಲೇ ಹಾಕಿದೆ. ಟಿಕ್ ಕೇಳುವ ಅರ್ಧ ನಿಮಿಷವನ್ನು ರೆಕಾರ್ಡ್ ಮಾಡಿ ಕೇಳಿದವರಿಗೆಲ್ಲಾ ಕಳಿಸಿದೆ.

ಬೆಲೆಗೆ ಡಿಸ್ಕಾಗ್ಸ್ ಅನ್ನುವ ರೆಕಾರ್ಡುಗಳ ಜಾಲತಾಣ ನೋಡಿದೆ. ಅಲ್ಲಿ ಒಂದೊಂದು ಅಚ್ಚಿಗೂ ಬೇರೆ ಪುಟ, ಹಿಂದೆ ಎಷ್ಟಕ್ಕೆ ಹೋಗಿದೆ ಅನ್ನುವ ಲೆಕ್ಕ ಇದೆ. ಮಾರುವವರು ಕೇಳುವ ಬೆಲೆಯನ್ನು ನೋಡಬೇಡಿ, ಮಾರಾಟ ಆದ ಬೆಲೆಯನ್ನು ನೋಡಿ. ನಾನು 36,000 ಅಂದೆ. ಬೆಂಗಳೂರಿನ ಒಬ್ಬರು ಮೂರು ದಿನ ಪ್ರಶ್ನೆ ಕೇಳಿ, 34,000ಕ್ಕೆ ಒಪ್ಪಿದರು. ಗೀರಿನ ಫೋಟೋ ನೋಡಿಯೇ ಧೈರ್ಯ ಬಂತು ಅಂದರು.

ಕಳಿಸುವ ಮೊದಲು ಬಿರುಕಿನ ಪ್ಲೇಟನ್ನೇ ಪ್ಯಾಕ್ ಮಾಡಿ ಘಟ್ಟ ಹತ್ತಿಸಿ ಶಿರಸಿಯ ಗೆಳೆಯನಿಗೆ ಪಾರ್ಸೆಲ್ ಮಾಡಿದೆ. ಅವನು ಕಳಿಸಿದ ಫೋಟೋದಲ್ಲಿ ಡಬ್ಬಿಯ ಒಂದು ಮೂಲೆ ಜಜ್ಜಿತ್ತು, ಒಳಗಿನ ಕವರಿನ ಮೂಲೆಯೂ ಮಡಿಸಿತ್ತು. ಸುತ್ತಲೂ ಬಿಟ್ಟ ಜಾಗ 1 ಸೆಂಟಿಮೀಟರ್ ಮಾತ್ರ ಇತ್ತು. ಅದನ್ನು 3 ಮಾಡಿದೆ. ರಟ್ಟಿನ ಹಾಳೆಗಳನ್ನು ಒಂದರ ಉಬ್ಬು ಗೆರೆ ಅಡ್ಡ, ಇನ್ನೊಂದರದು ಉದ್ದ ಬರುವ ಹಾಗೆ ಜೋಡಿಸಿದೆ. ಆಗ ಯಾವ ಕಡೆಗೂ ಬಗ್ಗುವುದಿಲ್ಲ. ರೆಕಾರ್ಡನ್ನು ಕವರಿನ ಒಳಗೆ ಹಾಕಲೇ ಇಲ್ಲ. ಹೊಸ ಒಳಚೀಲದಲ್ಲಿ ಹಾಕಿ ಕವರಿನ ಹಿಂದೆ ಇಟ್ಟೆ. ಒಳಗಿದ್ದರೆ ಅಲುಗಾಡಿದಾಗ ಅಂಚನ್ನು ಸೀಳುತ್ತದೆ. ನಮ್ಮ 4 ಸೆಂಟಿಮೀಟರ್ ಅಲ್ಲೇ 10 ಆಗುತ್ತಿತ್ತು.

ಕೊನೆಗೆ ಅದು ಪಾರ್ಸೆಲ್‌ನಲ್ಲಿ ಹೋಗಲಿಲ್ಲ. ತಮ್ಮ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಟಿದ್ದ, ರಾತ್ರಿಯಿಡೀ ತನ್ನ ಬರ್ತಿನ ಗೋಡೆಗೆ ನೆಟ್ಟಗೆ ಒರಗಿಸಿಟ್ಟುಕೊಂಡು ಹೋದ. ಕೊಂಡವರು ಅದೇ ದಿನ ಫೋನ್ ಮಾಡಿ, 14 ಟಿಕ್ ಎಣಿಸಿದೆ, ಸರಿಯಾಗಿದೆ ಅಂದರು. ಆಮೇಲೆ ಒಂದು ಕೇಳಿದರು. ಟ್ರಂಕಿನ ಮುಚ್ಚಳದ ಸ್ಟಿಕ್ಕರಿನ ಫೋಟೋ ಸಿಗುತ್ತದೆಯಾ, ಕವರಿನ ಒಳಗೆ ಇಟ್ಟುಕೊಳ್ಳುತ್ತೇನೆ ಅಂತ. ಮಾಮಿ ಮುಚ್ಚಳವನ್ನು ಸೆರಗಿನಿಂದ ಒರೆಸಿ ಕಿಟಕಿಯ ಕಡೆ ತಿರುಗಿಸಿ ಕೊಟ್ಟರು.

ಕಪಾಟು ಮೇ ತಿಂಗಳಲ್ಲಿ ಬಂತು. ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ, ಕೆಳಗಿನ ಖಾನೆಯಲ್ಲಿ ತೇವ ಎಳೆಯುವ ಚಿಕ್ಕ ಯಂತ್ರ. 45 ರೆಕಾರ್ಡೂ ನೆಟ್ಟಗೆ ನಿಂತಿವೆ. ಈಗ ಜುಲೈ, ಹೊರಗೆ ಮಳೆ ಬಿಟ್ಟಿಲ್ಲ. ಜಗುಲಿಯ ತೇವ ಅಳೆಯುವ ಮೀಟರ್ ಶೇಕಡಾ 91 ತೋರಿಸುತ್ತಿದೆ, ಕಪಾಟಿನ ಒಳಗಿನದು 56. ಮಾಮಿ ದಿನಾ ಬೆಳಿಗ್ಗೆ ಯಂತ್ರದ ಡಬ್ಬಿಯ ನೀರನ್ನು ಅಳೆದು ತುಳಸಿಕಟ್ಟೆಯ ಆಚೆ ಚೆಲ್ಲಿ, ಎಷ್ಟಿತ್ತು ಅಂತ ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ. ನಿನ್ನೆಯದು 280 ಮಿಲಿ.